ಮುದ್ರೆ ಮತ್ತು ಫಲಕ: ಬೀದರಿನಲ್ಲಿ ಇತಿಹಾಸದ ವ್ಯಾಸಂಗ

ಪಿ.ಯು.ಸಿ. ಮುಗಿಸಿದ ಮಗನೋ ಮಗಳೋ ಬಿ.ಎ. ತರಗತಿಗೆ ಸೇರಿ ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡ ಸುದ್ದಿಯು ಮನೆಗೆ ಮುಟ್ಟಿದಾಗ, ಬೀದರ ಜಿಲ್ಲೆಯ ಯಾವ ಊರಿನಲ್ಲಾದರೂ ಹಿರಿಯರ ಬಾಯಿಂದ ಮೊದಲು ಹೊರಡುವ ಮಾತು "ಹಿಸ್ಟ್ರಿ ಓದಿ ಏನ್ ಮಾಡ್ತಿ, ತಮ್ಮಾ?" ಎಂಬುದೇ. ಪ್ರಶ್ನೆಯು ಅನ್ಯಾಯವಾದುದಲ್ಲ, ಉತ್ತರವೂ ಬಹುಮಟ್ಟಿಗೆ ಸಿದ್ಧವಾಗಿಯೇ ಇರುತ್ತದೆ. ಕೆ.ಎ.ಎಸ್., ಪಿ.ಎಸ್.ಐ., ಎಫ್.ಡಿ.ಎ. ಮೊದಲಾದ ಪರೀಕ್ಷೆಗಳಿಗೆಲ್ಲ ಇತಿಹಾಸವು ಬೇಕು, ಅದೂ ಆಗದಿದ್ದರೆ ಬಿ.ಎಡ್. ಮಾಡಿ ಶಾಲೆಯ ಉಪಾಧ್ಯಾಯರಾಗಬಹುದು. ವಿದ್ಯಾರ್ಥಿಗಳ ಬಾಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳು ಕೂಡಿ "ಎಚ್‌ಇಪಿ" ಎಂಬ ಒಂದೇ ಪದಾರ್ಥವಾಗಿಬಿಟ್ಟಿವೆ. ಜೀವನೋಪಾಯಕ್ಕಾಗಿ ವಿದ್ಯೆಯನ್ನು ಅರಸುವವರನ್ನು ಹಳಿಯುವ ಅಧಿಕಾರವು ಯಾರಿಗೂ ಇಲ್ಲ. ಆದರೆ ಇತಿಹಾಸವೆಂದರೆ ಅರಸರ ಹೆಸರು, ಇಸವಿ, ಯುದ್ಧಗಳ ಪಟ್ಟಿಯೆಂದು ಭಾವಿಸಿ ಮೂರು ವರ್ಷಗಳನ್ನು ಕಳೆದವನು, ಆ ಶಾಸ್ತ್ರವು ತನ್ನ ಮುಂದೆ ಇಟ್ಟಿದ್ದ ಮುಖ್ಯ ವಸ್ತುವನ್ನು ಮುಟ್ಟದೆಯೇ ಎದ್ದು ಬಂದನೆಂದು ಹೇಳಬೇಕಾಗುತ್ತದೆ. ಆ ವಸ್ತುವಾದರೋ ಸಾಕ್ಷ್ಯವನ್ನು ಪರೀಕ್ಷಿಸುವ ವಿವೇಕ. ಅದನ್ನು ಕಲಿಯುವುದಕ್ಕೆ ಬೀದರಿನಷ್ಟು ಅನುಕೂಲವಾದ ಸ್ಥಳಗಳು ಕರ್ನಾಟಕದಲ್ಲಿ ಹೆಚ್ಚಾಗಿ ಇಲ್ಲ.

ಈ ಜಿಲ್ಲೆಯವರಿಗೆ ಉನ್ನತ ವ್ಯಾಸಂಗವು ಬಹುಕಾಲ ದೂರದ ಮಾತಾಗಿತ್ತು. ನಿಜಾಮರ ಆಳಿಕೆಯಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಹೋಗಬೇಕಾದವರು ಹೈದರಾಬಾದಿಗೆ ನಡೆದು ಉರ್ದುವಿನಲ್ಲಿ ಪಾಠ ಕೇಳಬೇಕಾಗಿತ್ತು. 1956ರಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾದ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯ, ಈಗ 2023ರಿಂದ ಭಾಲ್ಕಿ ತಾಲೂಕಿನ ಹಾಲಹಳ್ಳಿಯಲ್ಲಿ ನೆಲೆಗೊಂಡ ಬೀದರ ವಿಶ್ವವಿದ್ಯಾಲಯ, ಹೀಗೆ ವಿದ್ಯಾಪೀಠವು ಮೆಲ್ಲಮೆಲ್ಲನೆ ವಿದ್ಯಾರ್ಥಿಯ ಮನೆಯ ಕಡೆಗೆ ಸರಿದು ಬಂದಿದೆ. ಬೀದರ ನಗರದಲ್ಲಿ ಕರ್ನಾಟಕ ಕಾಲೇಜು, ಭೂಮರಡ್ಡಿ ಕಾಲೇಜುಗಳು ಹಳೆಯವು; ಔರಾದಿನಲ್ಲಿ ಸರಕಾರಿ ಪ್ರಥಮ ದರ್ಜೆ ಕಾಲೇಜು ಇದೆ. 2021ರಲ್ಲಿ ನಾಲ್ಕು ವರ್ಷದ ಪದವಿಯೆಂದು ಬದಲಾದ ಕ್ರಮವು 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿತು. ಈ ತಿರುಗಾಟದಲ್ಲಿ ಪಠ್ಯಕ್ರಮದ ಹೊದಿಕೆಯು ಬದಲಾಯಿತೇ ಹೊರತು ತರಗತಿಯ ಒಳಗಿನ ಅಭ್ಯಾಸವು ಅಷ್ಟಾಗಿ ಬದಲಾಗಲಿಲ್ಲ. ಸೆಮಿಸ್ಟರಿನ ಕೊನೆಗೆ "ಸರ್, ಇಂಪಾರ್ಟೆಂಟ್ ಹೇಳ್ರಿ" ಎಂಬ ಪ್ರಾರ್ಥನೆಯು ಎಲ್ಲ ಪಠ್ಯಕ್ರಮಗಳಲ್ಲಿಯೂ ಸಮಾನವಾಗಿ ಉಳಿದು ಬಂದಿದೆ.

ಆ ಇಂಪಾರ್ಟೆಂಟುಗಳಲ್ಲಿ ಒಂದು ಮಹಮೂದ್ ಗವಾನನ ಸಾಧನೆಗಳನ್ನು ಕುರಿತದ್ದು. ಉತ್ತರವು ಗೈಡಿನಲ್ಲಿ ಸಿಕ್ಕುತ್ತದೆ: ಇರಾನಿನ ಗಿಲಾನಿನಿಂದ ಬಂದವನು, ಬಹಮನಿ ಸುಲ್ತಾನರ ಪ್ರಧಾನಿ, 1472ರಲ್ಲಿ ಮದರಸವನ್ನು ಕಟ್ಟಿಸಿದನು, 1481ರಲ್ಲಿ ಹತನಾದನು. ನಾಲ್ಕು ವಾಕ್ಯ ಬರೆದು ಅಂಕ ಪಡೆದ ವಿದ್ಯಾರ್ಥಿಯು ಬೀದರಿನ ಚೌಬಾರ ಗೋಪುರದಿಂದ ಕೋಟೆಯ ಕಡೆಗೆ ನಡೆಯುತ್ತ ಅದೇ ಮದರಸದ ಮುಂದೆ ದಿನವೂ ಹಾಯುತ್ತಾನೆ. 17ನೆಯ ಶತಮಾನದ ಕೊನೆಯಲ್ಲಿ ಸಿಡಿಲು ಬಡಿದೋ, ಒಳಗೆ ಕೂಡಿಟ್ಟ ಮದ್ದು ಸಿಡಿದೋ ಮುಂಭಾಗದ ಒಂದು ಪಾಲು ನೆಲಕ್ಕೆ ಬಿದ್ದುಹೋಗಿ, ಇದ್ದೆರಡು ಮಿನಾರುಗಳಲ್ಲಿ ಒಂದು ಮಾತ್ರ, ಮೈಮೇಲೆ ಅಂಕುಡೊಂಕಾದ ಬಣ್ಣದ ಹೆಂಚಿನ ಪಟ್ಟಿಗಳ ಅವಶೇಷವನ್ನು ಹೊತ್ತುಕೊಂಡು ನಿಂತಿದೆ. ಆ 1472 ಎಂಬ ಅಂಕೆಯು ಎಲ್ಲಿಂದ ಬಂತೆಂದು ಕೇಳಿದರೆ ವ್ಯಾಸಂಗವು ನಿಜವಾಗಿ ಆರಂಭವಾಗುತ್ತದೆ. ಅಂದಿನ ಕವಿಯೊಬ್ಬನು ಕಟ್ಟಡದ ಕಾಲವನ್ನು ಸೂಚಿಸುವುದಕ್ಕೆ ಕುರಾನಿನ ಮೂರು ಪದಗಳನ್ನು ಆರಿಸಿದನು. ಅವುಗಳ ಅಕ್ಷರಗಳಿಗೆ ಅರಬ್ಬೀ ಸಂಪ್ರದಾಯದಂತೆ ಸಂಖ್ಯೆಗಳನ್ನು ಕೊಟ್ಟು ಕೂಡಿಸಿದರೆ 876 ಆಗುತ್ತದೆ. ಇದು ಹಿಜರಿ ವರ್ಷ. ಹಿಜರಿಯು ಕ್ರಿ.ಶ. 622ರಲ್ಲಿ ಆರಂಭವಾಯಿತೆಂದು ಬಲ್ಲ ವಿದ್ಯಾರ್ಥಿಯು ಅವಸರದಿಂದ ಎರಡನ್ನೂ ಕೂಡಿಸಿದರೆ 1498 ಬರುವುದು. ಅಷ್ಟರೊಳಗೆ ಕಟ್ಟಿಸಿದವನು ಸತ್ತು ಹದಿನೇಳು ವರ್ಷಗಳಾಗಿದ್ದವು! ಚಾಂದ್ರಮಾನದ ಆ ವರ್ಷಕ್ಕೆ ಸುಮಾರು 354 ದಿನಗಳು ಮಾತ್ರವೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಾಗ 1471ರ ನಡುವಿನಿಂದ 1472ರ ನಡುವಿನವರೆಗಿನ ಅವಧಿಯು ದೊರೆಯುತ್ತದೆ. ಗೈಡಿನ ಒಂದು ಇಸವಿಯ ಹಿಂದೆ ಇಷ್ಟು ಪರಿಶ್ರಮವಿದೆ.

ಗವಾನನ ಮರಣದ ವೃತ್ತಾಂತವು ಇನ್ನೂ ಹೆಚ್ಚಿನ ಪಾಠವನ್ನು ಒಳಗೊಂಡಿದೆ. ಬಹಮನಿ ಆಸ್ಥಾನದಲ್ಲಿ ಹಿಂದಿನಿಂದ ಇಲ್ಲಿಯೇ ನೆಲೆಸಿದ ದಖನಿಗಳೆಂದೂ ಸಮುದ್ರದಾಚೆಯಿಂದ ಬಂದ ಅಫಾಕಿಗಳೆಂದೂ ಎರಡು ಪಂಗಡಗಳಿದ್ದವಷ್ಟೆ. ಅಫಾಕಿಯಾದ ಪ್ರಧಾನಿಯ ಏಳಿಗೆಯನ್ನು ಸೈರಿಸಲಾರದ ದಖನಿಗಳು ಅವನ ಮುದ್ರೆಯನ್ನು ಕಾಯುತ್ತಿದ್ದವನನ್ನು ವಶಮಾಡಿಕೊಂಡು ಬರಿಯ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರೆಂದೂ, ಒರಿಸ್ಸದ ಅರಸನನ್ನು ದಂಡೆತ್ತಿ ಬರಲು ಕರೆಯುವ ಪತ್ರವನ್ನು ಆ ಮುದ್ರೆಯ ಮೇಲ್ಗಡೆ ಬರೆದು ಸುಲ್ತಾನ ಮೂರನೆಯ ಮಹಮ್ಮದನಿಗೆ ತೋರಿಸಿದರೆಂದೂ, ಅವನು ವಿಚಾರಣೆಯಿಲ್ಲದೆ ಕೊಂಡಪಲ್ಲಿಯ ಶಿಬಿರದಲ್ಲಿ ಪ್ರಧಾನಿಯ ಶಿರಚ್ಛೇದ ಮಾಡಿಸಿದನೆಂದೂ ಚರಿತ್ರೆಕಾರ ಫೆರಿಷ್ತನು ಹೇಳುತ್ತಾನೆ. ಮುದ್ರೆ ನಿಜವಾದುದು, ಬರಹ ಸುಳ್ಳು. ದಾಖಲೆಯ ಪರೀಕ್ಷೆಯನ್ನು ಕುರಿತು ಒಂದು ಸೆಮಿಸ್ಟರ್ ಬೋಧಿಸಬೇಕಾದುದನ್ನೆಲ್ಲ ಈ ಒಂದು ಕಾಗದವು ಬೋಧಿಸಬಲ್ಲುದು.

ಇಷ್ಟಕ್ಕೇ ನಿಲ್ಲುವಂತಿಲ್ಲ. ಫೆರಿಷ್ತನು ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ, ಘಟನೆ ನಡೆದು ನೂರಿಪ್ಪತ್ತು ವರ್ಷಗಳು ಕಳೆದ ಮೇಲೆ ಬರೆದವನು. ಆ ರಾಜವಂಶದ ಮೂಲಪುರುಷನಾದ ಯೂಸುಫನು ಗವಾನನ ಪಕ್ಷದವನು. ಅವನಿಗಿಂತ ಸ್ವಲ್ಪ ಹಿಂದೆ ಅಹಮದನಗರದಲ್ಲಿ ತಬಾತಬಾಯಿ ಎಂಬವನು ನಿಜಾಮಶಾಹಿ ಅರಸರಿಗಾಗಿ ಇನ್ನೊಂದು ಚರಿತ್ರೆಯನ್ನು ರಚಿಸಿದನು. ಆ ಅರಸರಾದರೋ ಗವಾನನ ಪ್ರತಿಪಕ್ಷದ ಮುಖಂಡನಾಗಿದ್ದ ಮಲಿಕ್ ಹಸನನ ಸಂತತಿಯವರು. ಹೀಗೆ ವಾದಿಯ ಮೊಮ್ಮಕ್ಕಳ ಮನೆಯಲ್ಲಿ ಒಂದು, ಪ್ರತಿವಾದಿಯ ಮೊಮ್ಮಕ್ಕಳ ಮನೆಯಲ್ಲಿ ಒಂದು, ಎರಡು ಗ್ರಂಥಗಳು ಹುಟ್ಟಿರುವಾಗ, ಯಾವುದನ್ನು ಎಷ್ಟರಮಟ್ಟಿಗೆ ನಂಬತಕ್ಕದ್ದೆಂದು ತೂಗಿ ನೋಡುವುದೇ ಇತಿಹಾಸಕಾರನ ಕೆಲಸ. ಗವಾನನ ಕಾಲಕ್ಕೆ ಮೂರನೆಯ ಸಾಕ್ಷಿಯಾಗಿ ರಷ್ಯದ ವರ್ತಕ ಅಫನಾಸಿ ನಿಕಿತಿನ್ ಇದ್ದಾನೆ. 1470ರ ಆಸುಪಾಸಿನಲ್ಲಿ ಒಂದು ಗಂಡು ಕುದುರೆಯನ್ನು ಮಾರುವುದಕ್ಕೆಂದು ಬೀದರಿಗೆ ಬಂದು, ಶ್ರೀಮಂತರ ಆಡಂಬರವನ್ನೂ ಹಳ್ಳಿಗರ ದಾರಿದ್ರ್ಯವನ್ನೂ ಒಂದೇ ಉಸಿರಿನಲ್ಲಿ ಬರೆದಿಟ್ಟ ಈತನು ಯಾವ ಪಂಗಡಕ್ಕೂ ಸೇರಿದವನಲ್ಲ. ಅವನ ಬರಹದಲ್ಲಿ "ಮೆಲಿಕ್ ತುಚಾರ್" ಎಂದು ಕಾಣಿಸಿಕೊಳ್ಳುವ ಪ್ರಭಾವಶಾಲಿಯು ಮಲಿಕ್-ಉತ್-ತುಜ್ಜಾರ್ ಬಿರುದಿನ ಗವಾನನೇ. ಆದರೆ ಆಸ್ಥಾನದ ಒಳಗುಟ್ಟು ಆ ವರ್ತಕನಿಗೇನು ತಿಳಿದೀತು? ಗವಾನನ ಸ್ವಂತ ಪತ್ರಗಳ ಸಂಗ್ರಹವೂ ಉಂಟು. ಅಲ್ಲಿ ಅವನು ಕಾಣಿಸಿಕೊಳ್ಳುವುದು ತಾನು ಹೇಗೆ ಕಾಣಬೇಕೆಂದು ಬಯಸಿದನೋ ಹಾಗೆ. ಉಸ್ಮಾನಿಯಾದಲ್ಲಿ ಇತಿಹಾಸವನ್ನು ಬೋಧಿಸುತ್ತಿದ್ದ ಹಾರೂನ್ ಖಾನ್ ಶೇರ್ವಾನಿಯವರು ಇವೆಲ್ಲವನ್ನೂ ಎದುರಿಗಿಟ್ಟುಕೊಂಡು 1942ರಲ್ಲಿ ಗವಾನನ ಮೇಲೆ ಗ್ರಂಥ ಬರೆದರು. ನಿಜಾಮ ಸಂಸ್ಥಾನದ ಪುರಾತತ್ತ್ವ ಇಲಾಖೆಯ ಗುಲಾಮ್ ಯಜ್ದಾನಿಯವರು ಬೀದರಿನ ಕಟ್ಟಡಗಳನ್ನು ಒಂದೊಂದಾಗಿ ಅಳೆದು ವಿವರಿಸಿದ ಬೃಹದ್ಗ್ರಂಥವು 1947ರಲ್ಲಿ ಹೊರಬಂತು. ಎರಡೂ ಇಂಗ್ಲಿಷಿನಲ್ಲಿವೆ. ಮೂಲವು ಪಾರಸಿಯಲ್ಲಿ, ವಿಮರ್ಶೆಯು ಇಂಗ್ಲಿಷಿನಲ್ಲಿ, ಪರೀಕ್ಷೆಯು ಕನ್ನಡದಲ್ಲಿ: ಈ ಮೂರು ಅಂತಸ್ತುಗಳ ನಡುವೆ ಮೆಟ್ಟಿಲುಗಳನ್ನು ಕಟ್ಟುವ ಕೆಲಸವು ಅಧ್ಯಾಪಕರ ಪಾಲಿಗೆ ಉಳಿದಿದೆ, ಮತ್ತು ಅದು ಸಂಬಳಕ್ಕೆ ಮೀರಿದ ಕೆಲಸ.

ಭಾಲ್ಕಿಯ ಪಾಠವು ಗವಾನನ ಮುದ್ರೆಯ ಪಾಠದ ತಲೆಕೆಳಗಾದ ರೂಪ. ನಿಜಾಮರ ಕಾಲದಲ್ಲಿ ಉರ್ದುವೇ ರಾಜಭಾಷೆಯಾಗಿ, ಕನ್ನಡ ಶಾಲೆಗೆ ಮನ್ನಣೆಯಿಲ್ಲದಿದ್ದಾಗ, ಕಮಲನಗರದಲ್ಲಿ ಹುಟ್ಟಿ ಭಾಲ್ಕಿಯ ಹಿರೇಮಠ ಸಂಸ್ಥಾನದ ಪೀಠವನ್ನೇರಿದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡ ಪಾಠವನ್ನು ನಡೆಸಿದರೆಂಬುದನ್ನು ಈ ಜಿಲ್ಲೆಯಲ್ಲಿ ಅರಿಯದವರಿಲ್ಲ. ಶತಾಯುಷಿಗಳಾಗಿ 1999ರವರೆಗೆ ನಮ್ಮ ನಡುವೆ ಇದ್ದವರು ಅವರು. ಸಾಮಾನ್ಯವಾಗಿ ಈ ಪ್ರಸಂಗವನ್ನು ಕನ್ನಡಾಭಿಮಾನದ ದೃಷ್ಟಾಂತವಾಗಿ ಹೇಳಿ, ಚಪ್ಪಾಳೆ ಪಡೆದು, ಮುಂದಿನ ಭಾಷಣಕ್ಕೆ ಸಾಗುವುದು ರೂಢಿ. ಇತಿಹಾಸದ ವಿದ್ಯಾರ್ಥಿಯು ಇಲ್ಲಿ ಇನ್ನೊಂದು ಗಳಿಗೆ ನಿಲ್ಲಬೇಕು. ಆ ಶಾಲೆಯ ವಿಷಯದಲ್ಲಿ ಸರಕಾರದ ಕಡತವೊಂದು ಉಳಿದಿದೆಯೆಂದು ಭಾವಿಸೋಣ. ಅಧಿಕಾರಿಯು ಬಂದು ನೋಡಿದುದು ಫಲಕವನ್ನು, ಬರೆದುಕೊಳ್ಳಬಹುದಾದುದು ಉರ್ದು ಶಾಲೆಯೆಂದು. ಸಹಿ, ಮೊಹರು, ತಾರೀಖು ಎಲ್ಲವೂ ಸರಿಯಾಗಿರುವ, ಯಾರೂ ಕೃತ್ರಿಮವೆನ್ನಲಾರದ ಆ ದಾಖಲೆಯನ್ನು ನಂಬಿದ ಸಂಶೋಧಕನು ಸತ್ಯಕ್ಕೆ ನೇರ ವಿರುದ್ಧವಾದುದನ್ನು ಬರೆಯುವನು. ನಡೆದುದೇನೆಂದು ಬಲ್ಲವರು ಒಳಗೆ ಕುಳಿತು ಅಕ್ಷರ ತಿದ್ದಿದ ಮಕ್ಕಳು. ಅವರು ಕಾಗದದಲ್ಲಿ ಏನನ್ನೂ ಬಿಟ್ಟುಹೋಗಲಿಲ್ಲ, ಮನೆಯವರಿಗೆ ಹೇಳಿದರು. ಲಿಖಿತವು ಪ್ರಮಾಣ, ಬಾಯಿಮಾತು ಗಾಳಿಯೆಂಬ ಸುಲಭಸೂತ್ರವು ಇಲ್ಲಿ ಮುರಿದುಬೀಳುತ್ತದೆ. ಆದರೂ ನೆನಪು ಹಿಗ್ಗುವ ಸ್ವಭಾವದ್ದು. ಎಲ್ಲಿ, ಯಾವ ವರ್ಷ, ಎಷ್ಟು ಮಕ್ಕಳು ಎಂದು ಕೇಳುತ್ತ ಹೋದಂತೆ ಒಬ್ಬರ ಹೇಳಿಕೆಗೂ ಇನ್ನೊಬ್ಬರ ಹೇಳಿಕೆಗೂ ಅಂತರ ಕಾಣುವುದು. ಆದಕಾರಣ ಭಾಲ್ಕಿಯಲ್ಲಿ ಓದುವ ಹುಡುಗ ಹುಡುಗಿಯರು ತಮ್ಮ ಓಣಿಯ ಹಿರಿಯರನ್ನು ಕಂಡು, ಅಪ್ಪ ಅಜ್ಜಂದಿರಿಂದ ಅವರು ಕೇಳಿದುದನ್ನು ಹೆಸರು, ವಯಸ್ಸು, ಕೇಳಿದ ದಿನಾಂಕಗಳೊಡನೆ ಬರೆದಿಟ್ಟುಕೊಳ್ಳುವುದು ಯಾವ ಗೈಡಿಗಿಂತಲೂ ಹೆಚ್ಚಿನ ವ್ಯಾಸಂಗ.

ಬೀದರಿನ ಸಮೀಪದ ಅಷ್ಟೂರಿನಲ್ಲಿ ನಂಬಿಕೆಯೇ ಸಾಕ್ಷ್ಯವಾಗಿ ನಿಂತಿದೆ. ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹಮದ್ ಶಾಹನು 1436ರಲ್ಲಿ ತೀರಿಕೊಂಡು ಅಲ್ಲಿ ಮಲಗಿದ್ದಾನೆ. ಮುಸಲ್ಮಾನರಿಗೆ ಅವನು ವಲಿ, ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭು, ಉರುಸಿನಲ್ಲಿ ಜಂಗಮರಿಗೆ ಅಗ್ರಮರ್ಯಾದೆ. ಅಲ್ಲಮನು ಹನ್ನೆರಡನೆಯ ಶತಮಾನದವನೆಂದು ತಿಳಿದ ವಿದ್ಯಾರ್ಥಿಯು ಇದನ್ನು ತಪ್ಪೆಂದು ಹೊಡೆದುಹಾಕಿದರೆ ಅವನು ಕಲಿತದ್ದು ಅರ್ಧ ಮಾತ್ರ. ಈ ನಂಬಿಕೆಯು ಯಾವಾಗ ಹುಟ್ಟಿತು, ಯಾರ ನಡುವೆ ಬೆಳೆಯಿತು, ಯಾವ ಅಗತ್ಯವನ್ನು ಪೂರೈಸಿತು ಎಂಬುದು ಇಸವಿಯಷ್ಟೇ ಐತಿಹಾಸಿಕವಾದ ಪ್ರಶ್ನೆ.

ಔರಾದಿಗೆ ಬಂದರೆ ಇತಿಹಾಸವು ಕಟ್ಟಡಗಳಿಂದ ಕಾಗದಗಳಿಗೆ ಇಳಿಯುತ್ತದೆ. ಇದು ರಾಜ್ಯದ ತೀರ ತುದಿಯ ತಾಲೂಕು. ತರಗತಿಯಲ್ಲಿ ಕುಳಿತವರಲ್ಲಿ ಮನೆಯಲ್ಲಿ ಮರಾಠಿ ಆಡುವವರು, ತಾಂಡಾಗಳಿಂದ ಬಂದ ಲಂಬಾಣಿ ಮಾತಿನವರು ಬಹುಮಂದಿ. ಇವರಿಗೆ ಗಡಿಯಾಚೆಯ ಉದಗೀರವು ಸಂತೆಗೂ ಮದುವೆಯ ಬಟ್ಟೆಗೂ ಹೋಗಿಬರುವ ಪೇಟೆ. ಪಠ್ಯದಲ್ಲಿ ಅದೇ ಊರು ಮರಾಠರು ನಿಜಾಮನನ್ನು ಸೋಲಿಸಿದ 1760ರ ರಣಭೂಮಿಯಾಗಿ ಬರುವಾಗ ಎರಡೂ ಒಂದೇ ಎಂಬ ಅರಿವು ಎಲ್ಲರಿಗೂ ಆಗುವುದಿಲ್ಲ. 1956ರವರೆಗೆ ಉದಗೀರ, ನಿಲಂಗ, ಅಹಮದಪುರ ತಾಲೂಕುಗಳೂ ಬೀದರ ಜಿಲ್ಲೆಯವೇ. ಅವು ಮುಂಬಯಿ ರಾಜ್ಯಕ್ಕೂ, ನಾರಾಯಣಖೇಡ, ಜಹೀರಾಬಾದಿನ ಕಡೆಯ ಭಾಗಗಳು ಆಂಧ್ರಕ್ಕೂ ಹೋದವು. ಬೀಗರು ಅತ್ತ, ಹೊಲ ಇತ್ತ ಎಂಬ ಸ್ಥಿತಿಯು ಎಷ್ಟೋ ಮನೆತನಗಳಿಗೆ ಆ ವರ್ಷದಿಂದ ಬಂದದ್ದು.

ಇಂತಹ ಮನೆಗಳ ಟ್ರಂಕುಗಳಲ್ಲಿ ಉರ್ದು ಬರಹದ ಹಳೆಯ ಪಾಹಣಿ, ರಸೀತಿಗಳೂ, ಕೆಲವೆಡೆ ಮೋಡಿ ಲಿಪಿಯ ಮರಾಠಿ ಪತ್ರಗಳೂ ಇವೆ. ಹೊಲದ ವ್ಯಾಜ್ಯವೆದ್ದಾಗ ಹೊರಬಂದು ವಕೀಲರ ಮೇಜಿನ ಮೇಲೆ ಬಿದ್ದು, ತೀರ್ಪಾದ ಮೇಲೆ ಮತ್ತೆ ಟ್ರಂಕು ಸೇರುವ ಈ ಕಾಗದಗಳು ಪದವಿ ತರಗತಿಯನ್ನು ಪ್ರವೇಶಿಸಿದುದು ಅಪೂರ್ವ. ಓದಿಸುವುದಕ್ಕೆ ಮೌಲವಿಯೊಬ್ಬರನ್ನೋ, ಉರ್ದು ಶಾಲೆಯಲ್ಲಿ ಕಲಿತ ಅಜ್ಜನೊಬ್ಬನನ್ನೋ ಹುಡುಕಬೇಕು. ಮೋಡಿ ಬಲ್ಲವರು ಇನ್ನೂ ವಿರಳ. ಓದಿಸಿದ ಮೇಲೂ ಕಾಲಗಣನೆಯು ಹಿಜರಿಯದಲ್ಲ, ನಿಜಾಮ ಸರಕಾರದ ಫಸಲಿ ವರ್ಷದ್ದು. ಫಸಲಿಗೆ 590 ಕೂಡಿಸಬೇಕೆಂದು ಕೇಳಿಬಲ್ಲವನು 1357ರ ಕಾಗದವನ್ನೆಲ್ಲ 1947ರದೆಂದು ಬರೆದುಬಿಡುವನು. ಆದರೆ ಆ ವರ್ಷವು 1947ರ ಅಕ್ಟೋಬರಿನಲ್ಲಿ ಆಜುರ್ ಎಂಬ ತಿಂಗಳಿನಿಂದ ಮೊದಲಾಗಿ, ಆಬಾನ್ ಎಂಬ ಹನ್ನೆರಡನೆಯ ತಿಂಗಳಿನೊಡನೆ 1948ರ ಅಕ್ಟೋಬರಿನಲ್ಲಿ ಮುಗಿಯಿತು. ನಿಜಾಮನ ಪರವಾದ ರಜಾಕಾರರ ಪಡೆಯ ಹಾವಳಿಯ ದಿನಗಳೂ, ನಿಜಾಮನ ಆಳಿಕೆಯನ್ನು ಕೊನೆಗಾಣಿಸಿದ ಸೆಪ್ಟೆಂಬರಿನ ಪೋಲೀಸ್ ಕಾರ್ಯಾಚರಣೆಯೂ ಇದೇ ಒಂದು ಫಸಲಿಯೊಳಗೆ ಬರುತ್ತವೆ. ಹೊಲವೊಂದು ಕೈಬದಲಾದ ಕಾಗದದ ಮೇಲೆ ಇರುವುದು ಆಜುರೋ ಆಬಾನೋ ಎಂಬುದನ್ನು ಗುರುತಿಸಿದರೆ, ಆ ಮಾರಾಟವು ನಿಜಾಮನ ಆಳಿಕೆಯು ಗಟ್ಟಿಯಾಗಿದ್ದಾಗ ಆದುದೋ, ಅದು ಕುಸಿಯುತ್ತಿದ್ದಾಗ ಊರು ಬಿಡುವವರ ಅವಸರದಲ್ಲಿ ಆದುದೋ ಎಂದು ಕೇಳುವುದಕ್ಕೆ ದಾರಿಯಾಗುತ್ತದೆ.