ಮನದ ಗಾಯಕ್ಕೆ ಮದ್ದು: ಮೊದಲು ನಿದ್ರೆ, ಆಮೇಲೆ ಮಾತು

ಕೈಗೆ ಗಾಯವಾದರೆ ಮನೆಮಂದಿಯೆಲ್ಲ ಓಡಿಬರುತ್ತೇವೆ. ಮನಸ್ಸಿಗೆ ಗಾಯವಾದರೆ ಬಾಗಿಲು ಮುಚ್ಚಿಕೊಳ್ಳುತ್ತೇವೆ. ಈ ಸಂಕೋಚ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಂತಹ ಸುಶಿಕ್ಷಿತ ನೆಲೆಗಳನ್ನೂ ಬಿಟ್ಟಿಲ್ಲ. ಒಬ್ಬರಲ್ಲಿಯೇ ಎರಡು ಬೇನೆಗಳು ಕೂಡಿದಾಗಲಂತೂ ಮನೆಯವರಿಗೆ ದಾರಿಯೇ ತೋರದು. ಒಂದು, ಬೈಪೋಲಾರ್ ಕಾಯಿಲೆ: ಕೆಲವು ಕಾಲ ಉನ್ಮಾದ, ಕೆಲವು ಕಾಲ ಖಿನ್ನತೆ, ನಡುವೆ ನೆಮ್ಮದಿ. ಇನ್ನೊಂದು, ಅಪಘಾತ, ಹಿಂಸೆ, ಬಾಲ್ಯದ ದೌರ್ಜನ್ಯಗಳು ಮನದಲ್ಲಿ ಉಳಿಸಿಹೋದ ಆಘಾತ.

ಆಘಾತಕ್ಕೆ ಇಂದು ಒಳ್ಳೆಯ ಚಿಕಿತ್ಸೆಗಳುಂಟು. ಭಯದ ನೆನಪನ್ನು ತಜ್ಞರ ಆಸರೆಯಲ್ಲಿ ಹಂತಹಂತವಾಗಿ ಎದುರಿಸುವುದು ಒಂದು ಬಗೆ. ಅಮೆರಿಕದ ಫ್ರಾನ್ಸಿನ್ ಶಪೀರೊ 1989ರಲ್ಲಿ ಪ್ರಕಟಪಡಿಸಿದ, ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್ ಮತ್ತೊಂದು. ಆದರೆ ಹಳೆಯ ನೆನಪು ಕಲಕಿದಾಗ ಕೆಲವು ರಾತ್ರಿ ನಿದ್ರೆ ಕೆಡಬಹುದು. ಬೈಪೋಲಾರ್ ಇದ್ದವರಿಗೆ ನಿದ್ರಾಭಂಗವೇ ಉನ್ಮಾದಕ್ಕೆ ಕಿಡಿಯಾದೀತು. ಹಾಗೆಂದು ಚಿಕಿತ್ಸೆಯನ್ನೇ ನಿರಾಕರಿಸಬೇಕಾಗಿಲ್ಲ, ಕ್ರಮವನ್ನು ಹೊಂದಿಸಿಕೊಳ್ಳಬೇಕು.

ಮೊದಲು ಔಷಧಿಯಿಂದ ಮನಃಸ್ಥಿತಿ ಸ್ಥಿರವಾಗಬೇಕು. 1949ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಉನ್ಮಾದಕ್ಕೆ ಲಿಥಿಯಂ ಉಪಯುಕ್ತವೆಂದು ತೋರಿಸಿದರು. ಇಂದಿಗೂ ಅದು ಮುಖ್ಯ ಔಷಧಿ. ಬಳಿಕ ನಿದ್ರೆ, ಉತ್ಸಾಹ, ಸಿಡುಕುಗಳನ್ನು ದಿನವೂ ಗುರುತುಹಾಕಿಡಬೇಕು. ಅನಂತರವೇ ಗಾಯವನ್ನು ಮುಟ್ಟುವ ಮಾತು, ಅದೂ ನಿಧಾನವಾಗಿ. ಎರಡು ರಾತ್ರಿ ನಿದ್ರೆಯಿಲ್ಲ, ಮಾತು ಮಿತಿಮೀರಿದೆ, ಹಣ ನೀರಾಗುತ್ತಿದೆ ಎಂದಾಗ ನೆನಪಿನ ಕೆಲಸವನ್ನು ತಡೆದು, ಕೂಡಲೇ ವೈದ್ಯರಿಗೆ ತಿಳಿಸಬೇಕು.

ಇಲ್ಲಿ ನಮ್ಮ ಆಚಾರಕ್ಕೂ ಸ್ಥಾನವುಂಟು. ನಿಯತ ವೇಳೆಯ ಇಷ್ಟಲಿಂಗಪೂಜೆ, ಪ್ರಸಾದ, ಕಾಯಕಗಳು ದಿನಕ್ಕೊಂದು ಲಯ ಕೊಡುತ್ತವೆ. ಆ ಲಯವೇ ಇಂತಹವರಿಗೆ ಊರುಗೋಲು. ಆದರೆ ಶಿವರಾತ್ರಿಯ ಜಾಗರಣೆಯನ್ನು ಅವರ ಮೇಲೆ ಹೇರಬಾರದು. ಲಿಥಿಯಂ ಸೇವಿಸುವವರು ಬಿಸಿಲಿನ ದಿನಗಳಲ್ಲಿ ನೀರು ಬಿಟ್ಟು ಉಪವಾಸವಿದ್ದರೆ ರಕ್ತದಲ್ಲಿ ಅದರ ಪ್ರಮಾಣ ಏರಿ ಅಪಾಯವಾಗಬಹುದು. ಕೆಲವು ನೋವಿನ ಮಾತ್ರೆಗಳಿಂದಲೂ ಹಾಗಾಗುವುದುಂಟು. ವಾಂತಿ, ಕೈನಡುಕ, ನಡಿಗೆಯಲ್ಲಿ ತೂರಾಟ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹತ್ತು ಗಂಟೆಗೆ ಮಲಗಿ, ಬೆಳಗಿನಲ್ಲಿ ಮಿಂದು ಮಡಿಯಾಗಿ ಪೂಜಿಸಿದವನ ಭಕ್ತಿ ಕಡಿಮೆಯಾದೀತೆ?

ಮನೆಯವರು ಮಾಡಬಾರದ ಎರಡು ಕೆಲಸಗಳಿವೆ. ಏನಾಯಿತೆಂದು ಕೆದಕಿ ಕೆದಕಿ ಕೇಳಬಾರದು. ಹೇಳಿದಾಗ ಕೇಳಿದರೆ ಸಾಕು. ಮದುವೆಯ ಮಾತು ಬಂದಿತೆಂದು ಮಾತ್ರೆ ನಿಲ್ಲಿಸಬಾರದು. ಮುಚ್ಚಿಟ್ಟ ಕಾಯಿಲೆ ಹಸೆಮಣೆಯ ಬಳಿಕ ಎರಡು ಮನೆಗಳನ್ನು ಸುಡುತ್ತದೆ.

ನೆರವು ದೂರವಿಲ್ಲ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳು ಕರೆ ಮಾಡಬಹುದು. 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರೋಗಿಯೊಡನೆ ಬಂಧುಗಳನ್ನೂ ಇರಿಸಿಕೊಂಡು ಶುಶ್ರೂಷೆ ಕಲಿಸಿದ ಪರಂಪರೆಯುಳ್ಳದ್ದು. ಮನೆಯೂ ಚಿಕಿತ್ಸೆಯ ಅಂಗವೆಂಬುದೇ ಅದರ ಅರ್ಥ. ನೊಂದವರ ನಿದ್ರೆಯನ್ನು ಕಾಯುವುದೂ ದಾಸೋಹವೇ ಎಂದು ಭಾವಿಸೋಣ.