ಅಂತರಾಗ್ನಿ: ದ ರಘು ದೀಕ್ಷಿತ್ ಪ್ರಾಜೆಕ್ಟ್

ಅಂತರಾಗ್ನಿ: ದ ರಘು ದೀಕ್ಷಿತ್ ಪ್ರಾಜೆಕ್ಟ್ ಗಾಯಕ, ಗೀತರಚನಕಾರ ಮತ್ತು ಸಂಗೀತ ಸಂಯೋಜಕ ರಘು ದೀಕ್ಷಿತ್ ಅವರ ಚೊಚ್ಚಲ ಆಲ್ಬಂ. 2008ರಲ್ಲಿ ಬಿಡುಗಡೆಯಾದ ಇದರಲ್ಲಿ ಹಿಂದಿ, ಕನ್ನಡ ಮತ್ತು ಇಂಗ್ಲಿಷ್ ಭಾಷೆಗಳು ಬೆರೆತಿವೆ. ಸಂತ ಶಿಶುನಾಳ ಶರೀಫರ ತತ್ತ್ವಪದಗಳನ್ನು ಜಾನಪದ ರಾಕ್ ಶೈಲಿಯಲ್ಲಿ ಅಳವಡಿಸಿ, ಕನ್ನಡವರಿಯದ ಕೇಳುಗರವರೆಗೂ ಕೊಂಡೊಯ್ದ ಕಾರಣಕ್ಕೆ ಈ ಆಲ್ಬಂ ಮುಖ್ಯವೆನಿಸಿದೆ.

ಹಿನ್ನೆಲೆ

1974ರಲ್ಲಿ ನಾಸಿಕ್‌ನಲ್ಲಿ ಜನಿಸಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಸೂಕ್ಷ್ಮಜೀವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಭರತನಾಟ್ಯವನ್ನೂ ಅಭ್ಯಾಸ ಮಾಡಿದವರು. ವೇದಿಕೆಯ ಮೇಲೆ ಅವರು ಲುಂಗಿಯುಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಹಾಡುವುದನ್ನು ನೋಡಿದವರಿಗೆ ಈ ನೃತ್ಯಾಭ್ಯಾಸದ ಗುರುತು ಸಿಗುತ್ತದೆ. ಕೆಲಕಾಲ ಬೆಲ್ಜಿಯಂನಲ್ಲಿ ಉದ್ಯೋಗದಲ್ಲಿದ್ದು, ಬಳಿಕ ಸಂಗೀತವನ್ನೇ ವೃತ್ತಿಯಾಗಿ ಆರಿಸಿಕೊಂಡರು.

ಅವರು ಮೊದಲು ಕಟ್ಟಿದ ತಂಡದ ಹೆಸರು ಅಂತರಾಗ್ನಿ, ಅಂದರೆ ಒಳಗಿನ ಬೆಂಕಿ. ಆ ತಂಡ ಚದುರಿದ ಮೇಲೆ ಅವರು ಆರಂಭಿಸಿದ್ದು ‘ದ ರಘು ದೀಕ್ಷಿತ್ ಪ್ರಾಜೆಕ್ಟ್’. ಇದು ಸದಸ್ಯರು ನಿಗದಿಯಾದ ತಂಡವಾಗಿರದೆ, ಬೇರೆ ಬೇರೆ ಹಿನ್ನೆಲೆಯ ಕಲಾವಿದರು ಬಂದು ಸೇರಿ ನುಡಿಸಬಹುದಾದ ತೆರೆದ ವೇದಿಕೆಯಾಗಿತ್ತು. ಹೀಗಾಗಿ ಆಲ್ಬಂನ ಸ್ವರೂಪವನ್ನು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಹಾಡುಗಾರಿಕೆ ಮತ್ತು ದೃಷ್ಟಿ ಒಬ್ಬರದೇ ಆದ್ದರಿಂದ ಇದು ಏಕವ್ಯಕ್ತಿ ಆಲ್ಬಂ. ಆದರೆ ಇಲ್ಲದಾದ ತಂಡದ ಹೆಸರನ್ನೂ ಹೊಸ ಬಳಗದ ಹೆಸರನ್ನೂ ಶೀರ್ಷಿಕೆಯಲ್ಲಿ ಒಟ್ಟಿಗೇ ಹೊತ್ತಿದೆ.

ಬಿಡುಗಡೆ

ಹಲವು ಭಾಷೆಗಳಲ್ಲಿ ಹಾಡುವ, ಚಲನಚಿತ್ರದ ಆಸರೆಯಿಲ್ಲದ ಗಾಯಕನ ಆಲ್ಬಂಗೆ ಆಗ ಭಾರತದಲ್ಲಿ ಸುಲಭದ ಮಾರುಕಟ್ಟೆ ಇರಲಿಲ್ಲ. ಧ್ವನಿಮುದ್ರಣ ಸಂಸ್ಥೆಗಳ ಒಪ್ಪಿಗೆಗಾಗಿ ರಘು ದೀಕ್ಷಿತ್ ವರ್ಷಗಟ್ಟಲೆ ಕಾಯಬೇಕಾಯಿತು. ಕೊನೆಗೆ ಮುಂಬಯಿಯಲ್ಲಿ ಅವರ ಹಾಡುಗಾರಿಕೆಯನ್ನು ಕೇಳಿದ ಹಿಂದಿ ಚಿತ್ರಸಂಗೀತದ ಜೋಡಿ ವಿಶಾಲ್–ಶೇಖರ್ ಆಲ್ಬಂ ಹೊರತರಲು ಮುಂದಾದರು. ಈ ಜೋಡಿಯ ವಿಶಾಲ್ ದದ್ಲಾನಿ ಸ್ವತಃ ‘ಪೆಂಟಗ್ರಾಮ್’ ಎಂಬ ರಾಕ್ ತಂಡದ ಗಾಯಕರು ಎಂಬುದು ಇಲ್ಲಿ ಗಮನಾರ್ಹ. ಅದೇ 2008ರಲ್ಲಿ ತೆರೆಕಂಡ ‘ಸೈಕೋ’ ಚಿತ್ರಕ್ಕೂ ರಘು ದೀಕ್ಷಿತ್ ಸಂಗೀತ ನೀಡಿದರು. ಅದರ ‘ನಿನ್ನ ಪೂಜೆಗೆ ಬಂದೆ ಮಾದೇಶ್ವರ’ ಹಾಡು ಕರ್ನಾಟಕದಲ್ಲಿ ಮನೆಮಾತಾಯಿತು.

ಹಾಡುಗಳು

‘ಹೇ ಭಗವಾನ್’, ‘ಮೈಸೂರ್ ಸೇ ಆಯಿ’, ‘ಖಿಡ್ಕಿ’ ಹಾಗೂ ‘ನೋ ಮ್ಯಾನ್ ವಿಲ್ ಎವರ್ ಲವ್ ಯೂ ಲೈಕ್ ಐ ಡೂ’ ಆಲ್ಬಂನ ಜನಪ್ರಿಯ ಹಾಡುಗಳಲ್ಲಿ ಸೇರಿವೆ.

ಕನ್ನಡದ ಎರಡು ಹಾಡುಗಳು ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನಿಯ ಮಾಳಿಗಿ’. ಇವೆರಡೂ ಶರೀಫರ (1819–1889) ರಚನೆಗಳು. ಇಂದಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದಲ್ಲಿ ಹುಟ್ಟಿ, ಗೋವಿಂದ ಭಟ್ಟರನ್ನು ಗುರುವಾಗಿ ಪಡೆದ ಶರೀಫರು ನಿತ್ಯಬಳಕೆಯ ವಸ್ತುಗಳ ಮೂಲಕ ಅಧ್ಯಾತ್ಮವನ್ನು ಹೇಳಿದವರು. ಗುಡುಗುಡಿಯ ಪದದಲ್ಲಿ ಹುಕ್ಕಾ ಸೇದುವ ಕ್ರಿಯೆಯೇ ಸಾಧನೆಯ ರೂಪಕ: ಮನಸ್ಸು ಸಂಚಿಯಾಗಿ ಬಿಚ್ಚಿಕೊಳ್ಳುತ್ತದೆ, ಮೋಹ ಕೊಚ್ಚಿ ತುಂಬಬೇಕಾದ ಸೊಪ್ಪಾಗುತ್ತದೆ. ಅಬ್ಬರದ ಲಯದಲ್ಲಿ ಇದನ್ನು ಬರಿಯ ನಶೆಯ ಹಾಡೆಂದು ಭಾವಿಸಿ ಕುಣಿಯುವವರಿಗೆ ಪದದ ಅರ್ಧಭಾಗವಷ್ಟೇ ದಕ್ಕುತ್ತದೆ. ಎರಡನೆಯ ಪದದಲ್ಲಿ ಸೋರುವ ಮಾಳಿಗೆ ಅಜ್ಞಾನದಿಂದ ಶಿಥಿಲವಾದ ಬದುಕನ್ನು ಸೂಚಿಸುತ್ತದೆ. ‘ಮನೆಯ ಮಾಳಿಗೆ’ ಎಂದು ತಿದ್ದದೆ ಧಾರವಾಡ ಸೀಮೆಯ ‘ಮನಿಯ ಮಾಳಿಗಿ’ಯನ್ನೇ ಮೈಸೂರಿನ ಗಾಯಕ ಉಳಿಸಿಕೊಂಡಿರುವುದು ಸಣ್ಣ ಸಂಗತಿಯಲ್ಲ.

ಭಜನೆಯ ಮೇಳಗಳಲ್ಲಿ ಉಳಿದುಬಂದಿದ್ದ ಶರೀಫರ ಪದಗಳನ್ನು ನಗರದ ಕೇಳುಗರಿಗೆ ಮುಟ್ಟಿಸಿದ ಕೀರ್ತಿ ಬಹುಮಟ್ಟಿಗೆ ಸುಗಮ ಸಂಗೀತದ ಸಿ. ಅಶ್ವತ್ಥ್ ಅವರಿಗೆ ಸಲ್ಲುತ್ತದೆ. ಟಿ. ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಶರೀಫ’ (1990) ಚಿತ್ರಕ್ಕೂ ಅವರದೇ ಸಂಗೀತವಿತ್ತು. ಅಶ್ವತ್ಥರ ಧಾಟಿಗೆ ಒಗ್ಗಿದ್ದ ಕಿವಿಗಳಿಗೆ ಗಿಟಾರ್, ಪಿಟೀಲು, ಡ್ರಮ್ಸ್‌ಗಳ ನಡುವೆ ಏರುದನಿಯಲ್ಲಿ ಬರುವ ಶರೀಫರು ಅಪರಿಚಿತರೆನಿಸುವುದು ಸಹಜ. ಆದರೆ ಮಡಿವಂತಿಕೆಯನ್ನು ಒಪ್ಪದ ಕವಿಯ ಪದಗಳಿಗೆ ಒಂದೇ ಧಾಟಿ ಸಲ್ಲುತ್ತದೆ ಎನ್ನುವುದೂ ಕಷ್ಟ.

ವಿದೇಶಗಳಲ್ಲಿ

2010ರಲ್ಲಿ ರಘು ದೀಕ್ಷಿತ್ ತಂಡ ಬಿಬಿಸಿಯ ‘ಲೇಟರ್... ವಿತ್ ಜೂಲ್ಸ್ ಹಾಲೆಂಡ್’ ಕಾರ್ಯಕ್ರಮದಲ್ಲಿ ಹಾಡಿತು. ಅದರ ಬೆನ್ನಿಗೇ ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವ ಸಂಗೀತ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಭಾರತದಲ್ಲಿ ಬಿಡುಗಡೆಯಾಗಿ ಎರಡು ವರ್ಷ ಕಳೆದ ಆಲ್ಬಂಗೆ ಹೀಗೆ ಎರಡನೆಯ ಜೀವ ದೊರೆಯಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆ ರಘು ದೀಕ್ಷಿತ್ ಅವರಿಗೆ ಅತ್ಯುತ್ತಮ ಹೊಸ ಕಲಾವಿದ ಪ್ರಶಸ್ತಿ ನೀಡಿತು. ಆಗ ಅವರು ಮೂವತ್ತಾರರ ಗಾಯಕರಾಗಿದ್ದರು. ಎರಡನೆಯ ಆಲ್ಬಂ ‘ಜಗ್ ಚಂಗಾ’ 2013ರಲ್ಲಿ ಬಿಡುಗಡೆಯಾಯಿತು.