ಪುಕ್ಕಟೆ ತಂತ್ರಾಂಶವೂ ಅದನ್ನು ಬಳಸುವವರೂ

ನಮ್ಮ ಶಾಲೆಯ ಗಣಕಯಂತ್ರಗಳನ್ನು ನಡೆಯಿಸುವ ಲಿನಕ್ಸ್ ಎಂಬ ತಂತ್ರಾಂಶಕ್ಕೆ ನಾವು ಒಂದು ಕಾಸನ್ನೂ ತೆತ್ತಿಲ್ಲವೆಂದರೆ ಪೋಷಕರಲ್ಲಿ ಅನೇಕರು ಆಶ್ಚರ್ಯಪಡುವರು. ಅದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಅದರ ಕೆಲವು ಭಾಗಗಳನ್ನು ಕಂಪೆನಿಗಳ ನೌಕರರು ರಚಿಸುವರು. ಇನ್ನು ಕೆಲವನ್ನು ಒಬ್ಬೊಬ್ಬರೇ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ, ನೋಡಿಕೊಳ್ಳುವರು. ಪುಕ್ಕಟೆ ಪಡೆದವರೇ ಹೆಚ್ಚಾಗಿ ಗದರುವರೆಂಬುದು ವಿಚಿತ್ರ.

ಕಡತಗಳನ್ನು ಅಡಕಮಾಡುವ ಎಕ್ಸ್‌ಝಡ್ ಎಂಬ ಸಣ್ಣ ಉಪಕರಣವು ಇಂಥದು. ಫಿನ್ಲೆಂಡಿನವರೊಬ್ಬರು ಅದನ್ನು ಬಹುಕಾಲ ಸಾಕಿದರು. ಕೆಲಸ ನಿಧಾನವಾಯಿತು, ಬೇರೊಬ್ಬರಿಗೆ ಒಪ್ಪಿಸಿರಿ ಎಂದು 2022ರಲ್ಲಿ ಕೆಲವರು ಪತ್ರಗಳಿಂದ ಅವರನ್ನು ಪೀಡಿಸಿದರು. ಇದು ವೇತನವಿಲ್ಲದ ಹವ್ಯಾಸವೆಂದು ಅವರು ಉತ್ತರವಿತ್ತರು. ಅದುವರೆಗೆ ನೆರವಾಗುತ್ತಿದ್ದ ಜಿಯಾ ಟಾನ್ ಎಂಬ ಹೆಸರಿನ ವ್ಯಕ್ತಿಗೆ ಕ್ರಮೇಣ ಅಧಿಕಾರ ದೊರೆಯಿತು. ಹೊರಗಿನವರು ಯಂತ್ರದೊಳಕ್ಕೆ ನುಗ್ಗಲು ಅನುಕೂಲವಾದ ಕಳ್ಳಬಾಗಿಲೊಂದು ಅದೇ ಹೆಸರಿನಿಂದ 2024ರಲ್ಲಿ ಆ ಉಪಕರಣವನ್ನು ಸೇರಿತು. ದೂರದ ಯಂತ್ರವನ್ನು ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುವುದನ್ನು ಕಂಡ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರರು ಕಾರಣವನ್ನು ಹುಡುಕಿ, ಮಾರ್ಚಿ 29ರಂದು ಅದನ್ನು ಪ್ರಕಟಪಡಿಸಿದರು. ಅದು ಎಲ್ಲೆಡೆ ಹರಡುವುದಕ್ಕೆ ಮೊದಲೇ ಅಪಾಯವು ತಪ್ಪಿತು.

ಆ ಗದರಿಕೆಯ ಪತ್ರಗಳೂ ಸಂಚಿನ ಭಾಗವೇ ಆಗಿದ್ದವೆಂದು ಬಲ್ಲವರು ಶಂಕಿಸುವರು. ನಿಜವಾದ ಬಳಕೆದಾರರು ದಿನವೂ ಬರೆಯುವ ಧಾಟಿಯಲ್ಲಿಯೇ ಇದ್ದುದರಿಂದ ಆಗ ಯಾರಿಗೂ ಸಂಶಯ ಹುಟ್ಟಲಿಲ್ಲ! ನಮಗೆ ಇದು ಬಹಳ ನಾಚಿಕೆಯ ಸಂಗತಿಯಾಗಿ ತೋರಿತು. ಈಗ ನಮ್ಮ ಹುಡುಗಿಯರು ತಂತ್ರಾಂಶದಲ್ಲಿ ದೋಷ ಕಂಡರೆ, ಯಾವ ಆವೃತ್ತಿ, ಏನು ಮಾಡುವಾಗ ಕೆಟ್ಟಿತು ಎಂಬುದನ್ನು ವಂದನೆಯೊಡನೆ ಬರೆದು ಕಳುಹಿಸುತ್ತಾರೆ.